ಬೆನ್ನಿಗೆ ಹತ್ತದ ಮಣ್ಣು

ನಮ್ಮ ಅಕ್ಕಿಆಲೂರಿನಲ್ಲಿ ಕುಸ್ತಿಗೆ ಕಾಯಿದೆ ಒಂದೇ. ಬೆನ್ನಿಗೆ ಮಣ್ಣು ಹತ್ತಿದರೆ ಸೋಲು, ಹತ್ತದಿದ್ದರೆ ಇಲ್ಲ. ಹೊತ್ತು ಮುಳುಗುವ ತನಕ ಗುದ್ದಾಡಿಯೂ ಯಾರೂ ಬೀಳದಿದ್ದರೆ, ಜೋಡಿ ಸಮ ಎಂದು ಇಬ್ಬರನ್ನೂ ಬಿಡಿಸಿ ಕಳಿಸುತ್ತಾರೆ. ಇದನ್ನು ಹೇಳಲು ಪಂಚರು ಬೇಕಿಲ್ಲ. ಬೇವಿನ ಮರ ಹತ್ತಿ ಕುಳಿತವನಿಗೂ ಬೆನ್ನಿನ ಮೇಲಿನ ಕೆಮ್ಮಣ್ಣು ಕಾಣುತ್ತದೆ. ಹೆಂಗಸರಿಗೆ ಮಾತ್ರ ಕಾಣುತ್ತಿರಲಿಲ್ಲ, ಏಕೆಂದರೆ ನಮ್ಮನ್ನು ಅಖಾಡದ ಹತ್ತಿರ ಬಿಡುತ್ತಿರಲಿಲ್ಲ. ನಾವು ಒಲೆಯ ಮುಂದೆ ಕುಳಿತು ಹಲಗಿಯ ಬಡಿತ ಕೇಳಬೇಕು. ನಮ್ಮೂರವರು ಗೆದ್ದರೆ ಅದು ಒಂದು ನಮೂನೆ, ಸಮವಾದರೆ ಇನ್ನೊಂದು ನಮೂನೆ, ಸೋತರೆ ಹಲಗಿಯೇ ಇಲ್ಲ. ನನ್ನ ಗಂಡನ ಕುಸ್ತಿಗಳನ್ನೆಲ್ಲ ನಾನು ಕಿವಿಯಿಂದಲೇ ನೋಡಿದವಳು.

ಗಂಡನ ಹೆಸರು ಕರಬಸಪ್ಪ. ಆಗೆಲ್ಲ ಪ್ರಾಸದ ಒಡಪು ಕಟ್ಟದೆ ಗಂಡನ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. ಈಗ ಒಡಪು ಕೇಳುವ ಗೆಳತಿಯರೂ ಇಲ್ಲ, ಅದನ್ನು ಕಟ್ಟುವಷ್ಟು ತಾಳ್ಮೆಯೂ ನನಗಿಲ್ಲ. ಸಿಟ್ಟು ಮಾತ್ರ ಇದ್ದ ಹಾಗೆಯೇ ಇದೆ.

ಅವನು ನನ್ನ ಗಂಡ ಎನ್ನುವುದು ಹೆಸರಿಗಷ್ಟೇ. ಅವನ ಮೈ ಊರಿನದು. ದಿನಾ ಮುಂಜಾನೆ ಓಣಿಗಳಿಂದ ಪಾಳಿಯ ಮೇಲೆ ಹಾಲಿನ ಚರಿಗೆಗಳು ಬರುತ್ತಿದ್ದವು. ಎಮ್ಮೆ ಈದ ಮನೆಯವರು ತಮ್ಮ ಮಕ್ಕಳ ಬಾಯಿಗಿಂತ ಮೊದಲು ಪೈಲ್ವಾನನ ಮನೆಗೆ ಹಾಲು ಕಳಿಸುತ್ತಿದ್ದರು. ಬಾದಾಮಿ, ತುಪ್ಪ ಬರುತ್ತಿದ್ದದ್ದು ಅಕ್ಕಿ ಗಿರಣಿಯ ಕುಬೇರಪ್ಪ ಸಾವಕಾರರ ಕಡೆಯಿಂದ. ಊರು ಹೋರಿಯನ್ನು ಸಾಕಿದಂತೆ ಅವನನ್ನು ಸಾಕಿತು. ಸಾಕಿದವರಿಗೆ ಕೊರಳ ಹಗ್ಗದ ಮೇಲೆ ಹಕ್ಕಿರುತ್ತದಲ್ಲ, ಅದು ಇವರಿಗೂ ಇತ್ತು. ಶಿಗ್ಗಾಂವಿಯಲ್ಲೋ ಹಾನಗಲ್ಲಿನಲ್ಲೋ ಕುಸ್ತಿ ಗೊತ್ತಾಯಿತೆಂದರೆ ಅವನು ಮನೆ, ಹೆಂಡತಿ ಬಿಟ್ಟು ಗರಡಿಯಲ್ಲೇ ಮಲಗಬೇಕು. ಕುಬೇರಪ್ಪನವರ ಹೆಂಡತಿ ಮಂಜವ್ವ ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ನನಗೆ ಹೇಳುತ್ತಿದ್ದಳು, “ಶಿವಬಸವ್ವಾ, ಈ ತಿಂಗಳ ಊರ ಮಾನ ನಿನ್ನ ಕೈಯಾಗೈತಿ ನೋಡವಾ.” ಹೆಂಗಸರೆಲ್ಲ ನಗುತ್ತಿದ್ದರು. ನಾನು ಕೊಡ ಎತ್ತಿಕೊಂಡು ಬರುತ್ತಿದ್ದೆ.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ದಿಲಾವರ ಎಂದು, ಸವಣೂರಿನವರು. ಹರೆಯದಲ್ಲಿ ನವಾಬರ ಮುಂದೆ ಕುಸ್ತಿ ಹಿಡಿದವರಂತೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮೂರಿಗೆ ಬಂದು, ಗರಡಿ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಅಲ್ಲಿನ ಹನುಮಪ್ಪನ ಪಟಕ್ಕೆ ದಿನಾ ಊದಿನಕಡ್ಡಿ ಹಚ್ಚುತ್ತಿದ್ದವರೂ ಅವರೇ. ನನ್ನ ಗಂಡನಿಗೆ ತಂದೆ ಇರಲಿಲ್ಲ. ಅತ್ತೆ ಹಾಲವ್ವ ಹಬ್ಬದ ದಿನ ಮೊದಲ ಎಡೆ ದೇವರಿಗೆ ಹಿಡಿದು, ಎರಡನೆಯದನ್ನು ವಸ್ತಾದರಿಗೆ ಕಳಿಸುತ್ತಿದ್ದಳು.

ಸ್ವಾತಂತ್ರ್ಯ ಬಂದ ಮರುವರ್ಷ ಲಂಡನ್ನಿನಲ್ಲಿ ಒಲಿಂಪಿಕ್ ಆಟಗಳು ನಡೆಯುತ್ತವೆ ಎಂದು ಸುದ್ದಿ ಬಂತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವ ಪತ್ರಿಕೆಯನ್ನು ಕುಬೇರಪ್ಪ ಗಿರಣಿಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದರು. ಪತ್ರಿಕೆಯಲ್ಲಿ ಬರೆದದ್ದು ಗೇಣುದ್ದವಾದರೆ ಅವರು ಸೇರಿಸಿ ಹೇಳುವುದು ಮಾರುದ್ದ.

“ಇನ್ನೂರು ವರ್ಷ ನಮ್ಮ ಎದಿ ಮ್ಯಾಲ ಕುಂತಿದ್ದಾ ಇಂಗ್ರೇಜಿಯವ. ಈಗ ಅವನ ಅಂಗಳಕ್ಕ ಹೋಗಿ, ಅವನ ದೊರಿ ಮುಂದ, ಅವನ ಬೆನ್ನಿಗೆ ಅವನ ಮಣ್ಣು ಹಚ್ಚಿ ಬರಬೇಕು. ಅದಕ್ಕ ಸ್ವರಾಜ್ಯ ಅಂತಾರ.”

ಕಟ್ಟೆಯ ಮೇಲಿದ್ದವರೆಲ್ಲ ತೊಡೆ ತಟ್ಟಿದರು. ಅವರಲ್ಲಿ ಅರ್ಧ ಮಂದಿ ಭತ್ತದ ಚೀಲ ಎತ್ತಲಾರದವರು. ಲಂಡನ್ ಎಂದರೆ ಅವರ ಕಣ್ಣಿಗೆ ನಮ್ಮ ಶ್ರಾವಣದ ಅಖಾಡವೇ, ಸ್ವಲ್ಪ ದೊಡ್ಡದು. ಸುತ್ತಲೂ ಟೊಪ್ಪಿಗೆಯ ಸಾಹೇಬರು, ನಡುವೆ ಕೆಮ್ಮಣ್ಣು, ಗೆದ್ದವನಿಗೆ ತೊಡಿಸಲು ದೊರೆಯ ಕೈಯಲ್ಲಿ ಬೆಳ್ಳಿಯ ಕಡಗ. ಬೇರೆ ಥರ ಇರಬಹುದು ಎಂದು ಒಬ್ಬನ ತಲೆಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ.

ಮುಂಬಯಿಯಲ್ಲಿ ಆಯ್ಕೆಯ ಕುಸ್ತಿಗಳಿವೆ ಎಂದು ತಿಳಿದಾಗ ಕುಬೇರಪ್ಪನವರೇ ಓಡಾಡಿ ನನ್ನ ಗಂಡನ ಹೆಸರು ಕಳಿಸಿದರು. ಬೇಸಿಗೆಯ ಒಂದು ಮುಂಜಾನೆ ಊರೆಲ್ಲ ಹಲಗಿ ಬಡಿದುಕೊಂಡು ಅವನನ್ನೂ ವಸ್ತಾದರನ್ನೂ ಬಸ್ಸಿಗೆ ಹತ್ತಿಸಿತು. ದುಂಡಸಿಯಿಂದಲೂ ಜನ ಬಂದಿದ್ದರು. ನಾನು ಗಂಡನ ಮುಖವನ್ನು ನೋಡಿದ್ದು ಮಾಲೆಗಳ ಸಂದಿಯಲ್ಲಿ.

ಅವರು ತಿರುಗಿ ಬಂದ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಹಲಗಿ ಕೇಳಿಸಿತು. ಗೆದ್ದ ಹಲಗಿ! ಕೈಯಲ್ಲಿದ್ದ ಸೀರೆ ನೆಲಕ್ಕೆ ಬಿತ್ತು. ಹಾಲವ್ವ ಒಳಗಿನಿಂದ ಕೂಗಿದಳು, “ಗೆದ್ದಾನ ನೋಡ ನನ್ನ ಮಗಾ! ಬ್ಯಾಳಿ ಬೇಯಾಕ ಹಾಕ, ಹೋಳಿಗಿ ಮಾಡೂಣು.” ನಾನು ಒಲೆ ಉರಿಸಿ ಬೇಳೆ ಹಾಕಿದೆ. ಹಲಗಿ ಊರೆಲ್ಲ ಸುತ್ತಿ, ಬೇಳೆ ಬೆಂದು ಬಸಿಯುವ ಹೊತ್ತಿಗೆ ನಮ್ಮ ಮನೆಯ ಮುಂದೆ ಬಂದು ನಿಂತಿತು.

ಅವನು ಒಳಗೆ ಬಂದ. ತಲೆಯ ತುಂಬ ಗುಲಾಲು, ಕೊರಳ ತುಂಬ ಹೂವು. ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತ.

“ಶಿವಬಸವಿ, ನಾ ಸೋತೇನಿ,” ಎಂದ.

ನನಗೆ ನಗು ಬಂತು. “ಚಾಷ್ಟಿ ಬ್ಯಾಡ್ರಿ. ಹಲಗಿ ಸುಳ್ಳ ಹೇಳ್ತೈತೇನು?”

“ಹಲಗಿಗೇನ ಗೊತ್ತ? ಬಸ್ ಇಳಿಯೂದರಾಗ ಸಾವಕಾರ್ರು ಕೇಳಿದ್ರು, ಬೆನ್ನಿಗೆ ಮಣ್ಣು ಹತ್ತೈತೇನು ಅಂತ. ಇಲ್ಲರಿ, ಹತ್ತಿಲ್ಲ, ಆದ್ರ... ಅನ್ನೂದರಾಗ ಬಡ್ಯಾಕ ಸುರು ಮಾಡಿಬಿಟ್ರು. ಎಷ್ಟ ಒದರಿದ್ರೂ ಯಾರೂ ಕೇಳವಲ್ಲರು.”

ಆಮೇಲೆ ಅವನು ಎಲ್ಲ ಹೇಳಿದ. ಮುಂಬಯಿಯ ಅಖಾಡದಲ್ಲಿ ಮಣ್ಣೇ ಇರಲಿಲ್ಲವಂತೆ. ಲಗ್ನದ ಮನೆಯಲ್ಲಿ ಬೀಗರಿಗೆ ಹಾಸಿದ ಹಾಗೆ ಗಾದಿ ಹಾಸಿದ್ದರಂತೆ. ಸುತ್ತಲೂ ಕುರ್ಚಿಯ ಮೇಲೆ ಮೂವರು ಪಂಚರು. ಯಾರು ಮೇಲೆ ಬಂದರು, ಯಾರು ಯಾರನ್ನು ಹೊರಳಿಸಿದರು ಎಂದು ನೋಡಿಕೊಳ್ಳುವುದು ಅವರ ಕೆಲಸ. ಇವನೂ ಬೀಳಲಿಲ್ಲ, ಎದುರಿನ ಹುಡುಗನೂ ಬೀಳಲಿಲ್ಲ. ಇನ್ನೂ ಮೈ ಕಾಯುತ್ತಿದೆ ಅನ್ನುವಾಗಲೇ ಗಂಟೆ ಬಾರಿಸಿ, ಪಂಚರು ಆ ಹುಡುಗನ ಕೈ ಎತ್ತಿದರು. ಅಲ್ಲಿಗೆ ಮುಗಿಯಿತು. ನಾನು ಬಸಿದ ಬೇಳೆಯ ಮುಂದೆ ಕುಳಿತೆ. ಹೂರಣ ರುಬ್ಬಬೇಕೋ ಬೇಡವೋ ತಿಳಿಯಲಿಲ್ಲ.

ಅಂದೇ ಸಂಜೆ ಅವನು ಗಿರಣಿಯ ಕಟ್ಟೆಗೆ ತಾನೇ ಹೋಗಿ ಹೇಳಿದ. ಯಾರೂ ಕರೆದಿರಲಿಲ್ಲ. ಮೊದಲು ಜನರಿಗೆ ಸಿಟ್ಟು ಬಂದದ್ದು ಮುಂಬಯಿಯ ಮೇಲೆ.

“ಮೋಸ ಮಾಡ್ಯಾರ!” ಕುಬೇರಪ್ಪ ಎದ್ದೇ ನಿಂತರು. “ಕನ್ನಡ ಮಂದಿ, ಹಳ್ಳ್ಯಾಗಿನವ್ರು ಅಂತ ಮೋಸ ಮಾಡ್ಯಾರ. ಬೆನ್ನಿಗೆ ಮಣ್ಣು ಹತ್ತದ ಸೋಲು ಹೆಂಗ ಆಕ್ಕೈತಿ? ನಾಳಿಗೇ ಅರ್ಜಿ ಹಾಕ್ತೇನಿ. ಹೂಂ ಅನ್ನು ಪೈಲ್ವಾನ, ಮೋಸ ಆತು ಅಂತ ಹೇಳು.”

ಹೂಂ ಅನ್ನುವುದು ಒಂದು ಅಕ್ಷರ. ಅಂದಿದ್ದರೆ ಅವನು ಸಾಯುವ ತನಕ ಊರಿನ ಹುಲಿಯಾಗಿರುತ್ತಿದ್ದ. ಅವನು ಹೇಳಿದ್ದು ಇಷ್ಟು:

“ಮೋಸ ಆಗಿಲ್ಲರಿ ಸಾವಕಾರ್ರ. ಅವನ ಆಟ ನನಗಿಂತ ಚಲೋ ಇತ್ತು. ಅಲ್ಲಿ ಕಾಯ್ದೇನ ಬ್ಯಾರೆ. ಆ ಕಾಯ್ದೆ ಪ್ರಕಾರ ಪಂಚರು ಬರೋಬರಿ ಹೇಳ್ಯಾರ.”

ಕುಬೇರಪ್ಪ ಮೆಲ್ಲಗೆ ಕುಳಿತು, ಒಂದೊಂದೇ ಬೆರಳು ಮಡಚಿದರಂತೆ. “ಬೆನ್ನಿಗೆ ಮಣ್ಣು ಹತ್ತಿಲ್ಲ. ಮೋಸಾನೂ ಆಗಿಲ್ಲ. ಹಂಗಾರ ಸೋತದ್ದು ಹೆಂಗ, ನೀನ ಹೇಳು?” ಅವರ ಲೆಕ್ಕದಲ್ಲಿ ಉಳಿದದ್ದು ಒಂದೇ ದಾರಿ. ಮರುದಿನ ಬಾವಿಕಟ್ಟೆಯ ಮೇಲೆ ಆ ಮಾತು ನನಗಿಂತ ಮೊದಲೇ ಬಂದು ನಿಂತಿತ್ತು. ಕರಬಸಪ್ಪ ರೊಕ್ಕಕ್ಕೆ ಕುಸ್ತಿ ಮಾರಿಕೊಂಡು ಬಂದ.

ನಾನು ಅವನ ಕಾಲು ಹಿಡಿದು ಕೇಳಿದೆ. “ಮೋಸ ಆತು ಅಂದುಬಿಡ್ರಿ. ಬೊಂಬಾಯಿ ಮಂದಿ ಇಲ್ಲಿಗೆ ಬಂದು ಸಾಕ್ಷಿ ಹೇಳ್ತಾರೇನು?”

“ಕುಸ್ತಿ ಆದಮ್ಯಾಲ ಆ ಹುಡುಗ ನನ್ನ ಕಾಲು ಮುಟ್ಟಿದಾ,” ಎಂದ ಅವನು. “ವಯಸ್ಸಿನ್ಯಾಗ ದೊಡ್ಡವ್ರು ಅಂತ ಹೇಳಿ ಮುಟ್ಟಿದಾ. ಅಂಥವನ ಮ್ಯಾಲ ಹೆಂಗ ಹೇಳ್ಲಿ?”

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಗಾದೆ ಇದೆ. ಸೋತರೂ ಸೋತೆ ಎನ್ನದ ಭಂಡರಿಗೆ ಹೇಳುವ ಮಾತು. ಸೋತೆ ಎಂದು ಬಾಯಿಬಿಟ್ಟು ಹೇಳುವವನಿಗೆ ನಮ್ಮ ಹಿರಿಯರು ಗಾದೆ ಮಾಡಿಲ್ಲ. ಅಂಥವನೊಬ್ಬ ಹುಟ್ಟಿಯಾನು ಎಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ.

ಹಾಲು ನಿಂತಿತು. ಒಂದೇ ದಿನ ನಿಲ್ಲಲಿಲ್ಲ. ಒಬ್ಬರ ಎಮ್ಮೆ ಬತ್ತಿತು, ಇನ್ನೊಬ್ಬರ ಕರುವಿಗೆ ಸಾಲದು, ಮತ್ತೊಬ್ಬರ ಮನೆಗೆ ಬೀಗರು ಬಂದರು. ಹೀಗೆ ಸುಳ್ಳು ಹೇಳುವ ಸೌಜನ್ಯ ಕೆಲವು ದಿನ ಇತ್ತು. ಆಮೇಲೆ ಅದೂ ನಿಂತಿತು. ಹಾಲಿಲ್ಲದೆ ನಾವು ಸಾಯಲಿಲ್ಲ. ನನಗೆ ಒಳಗೊಳಗೆ, ಇನ್ನಾದರೂ ಇವನು ನನ್ನವನಾದ ಎಂದು ಸಮಾಧಾನವೂ ಆಗಿತ್ತು. ಆದರೆ ಊರು ಅಷ್ಟಕ್ಕೆ ಬಿಡಲಿಲ್ಲ. ನಿಜಾಮನ ಸೀಮೆಯಿಂದ ರಜಾಕಾರರ ಹಾವಳಿಯ ಸುದ್ದಿ ದಿನಾ ಬರುತ್ತಿದ್ದ ವರ್ಷ ಅದು. ಸಾಬರ ಮೇಲೆ ಎಸೆದ ಮಾತು ನೆಲಕ್ಕೆ ಬೀಳುತ್ತಿರಲಿಲ್ಲ. “ಕರಬಸಪ್ಪ ಬಡ್ಡಿಮಗಾ ಸಾದಾ ಮನಿಶಾ. ಅವನ ತಲಿ ತಿರುವಿ ಮಾರಿಸಿದಾಂವ ಸವಣೂರ ಸಾಬ,” ಎಂದು ಯಾರೋ ಅಂದರು. ಎಲ್ಲರೂ ಅದನ್ನೇ ಹಿಡಿದರು. ಒಂದು ದಿನ ಕುಬೇರಪ್ಪನವರ ಆಳು ಬಂದು ಗರಡಿಗೆ ಬೀಗ ಹಾಕಿ ಕೀಲಿ ಒಯ್ದ. ಅಂದಿನಿಂದ ವಸ್ತಾದರು ಮುಚ್ಚಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಯಾರನ್ನೂ ಬೈಯುತ್ತಿರಲಿಲ್ಲ. ಹಾದು ಹೋಗುವ ಹುಡುಗರು ತಲೆ ತಗ್ಗಿಸಿ ಬೇರೆ ಓಣಿ ಹಿಡಿಯುತ್ತಿದ್ದರು.

ತನ್ನ ಮೇಲಿನ ಮಾತನ್ನು ನನ್ನ ಗಂಡ ಹೇಗೋ ನುಂಗಿಕೊಂಡಿದ್ದ. ಇದು ಅವನಿಗೆ ನುಂಗಲು ಆಗಲಿಲ್ಲ. ಅನ್ನಕ್ಕೆ ಕುಳಿತರೆ ಕಲಸಿದ ಕೈ ಹಾಗೆಯೇ ಒಣಗುತ್ತಿತ್ತು.

ಲಂಡನ್ನಿನ ಆಟಗಳು ಶುರುವಾದವು. ಕುಸ್ತಿಯ ಸುದ್ದಿ ಬಂದಿದೆ ಎಂದು ಕೇಳಿ ಅವನು ಬಹಳ ದಿನಗಳ ಮೇಲೆ ಗಿರಣಿಯ ಕಡೆಗೆ ಹೋದ. ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತ. ನಮ್ಮ ದೇಶದ ಒಬ್ಬ ಪೈಲ್ವಾನ ಕೊನೆಯ ತನಕ ಬೆನ್ನು ಕೊಡದೆ ಕಾದಾಡಿ, ಪಂಚರ ತೀರ್ಪಿನ ಮೇಲೆ ಸೋತ ಎಂದು ಕುಬೇರಪ್ಪ ಓದಿದರು. ನನ್ನ ಗಂಡನ ಮುಖ ಅರಳಿತು.

“ನಾ ಹೇಳಿದ್ದು ಇದನ್ನರಿ ಸಾವಕಾರ್ರ! ಅಲ್ಲಿ ಕಾಯ್ದೇನ ಹಂಗೈತಿ. ಮಣ್ಣು ಹತ್ತದಿದ್ರೂ ಸೋಲ್ತಾರ.”

ಕುಬೇರಪ್ಪ ಅವನ ಕಡೆ ನೋಡಲೂ ಇಲ್ಲ. ಅವರ ಕಣ್ಣಲ್ಲಿ ನೀರಿತ್ತಂತೆ. “ಬಿಳಿ ಮಂದಿ ಕೂಡಿ ನಮ್ಮ ಹುಡುಗಗ ಮೋಸ ಮಾಡಿಬಿಟ್ರು ನೋಡ್ರಿ,” ಎಂದರು. ಕಟ್ಟೆಯ ಮೇಲಿದ್ದವರೆಲ್ಲ ಲೊಚಗುಟ್ಟಿದರು. ಆ ಹುಡುಗ ಕಪ್ಪೋ ಕೆಂಪೋ ಯಾರೂ ಕಂಡಿರಲಿಲ್ಲ. ಅವನಿಗೆ ಇವರು ಒಂದು ತೊಟ್ಟು ಹಾಲು ಹಾಕಿರಲಿಲ್ಲ. ಅದಕ್ಕೇ ಅವನ ಸೋಲನ್ನು ಒಪ್ಪುವುದು ಅಷ್ಟು ಸುಲಭವಾಯಿತು.

ಅದಾದ ಮೇಲೆ ಹಾಕಿಯ ಸುದ್ದಿ ಬಂತು. ಹಾಕಿ ಎಂದರೇನು ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೊಂಕು ಕೋಲಿನಿಂದ ಚೆಂಡು ಹೊಡೆಯುವ ಆಟ ಎಂದು ಸಾಲಿಯ ಮಾಸ್ತರರು ತಿಳಿಸಿ ಹೇಳಿದರಂತೆ. ಇಂಗ್ಲೆಂಡನ್ನು ಅವರ ಊರಿನಲ್ಲೇ ನಾಲ್ಕು ಗೋಲಿನಿಂದ ಬಡಿದಿದ್ದಾರೆ ಎಂದಮೇಲೆ ಇನ್ನೇನು ತಿಳಿಯಬೇಕು? ಸ್ವಾತಂತ್ರ್ಯದ ದಿನದ ಬಾವುಟಗಳು ಇನ್ನೂ ಇಳಿದಿರಲಿಲ್ಲ. ಕುಬೇರಪ್ಪ ಸಕ್ಕರೆ ಹಂಚಿದರು. ಹಲಗಿ ಊರು ಸುತ್ತಿ ನಮ್ಮ ಮನೆಯ ಮುಂದೆ ಬಂದಾಗ ಬೇಕಂತಲೇ ನಿಂತಿತು.

“ದೇಶ ಗೆಲ್ಲಿಸಿದವರಿಗೆ ಜೈ!” ಎಂದು ಒಬ್ಬ ಕೂಗಿದ. “ದೇಶ ಮಾರಿದವರಿಗೆ ಧಿಕ್ಕಾರ!” ಎಂದು ಇನ್ನೊಬ್ಬ.

ಹಾಲವ್ವ ಎದ್ದು ಬಾಗಿಲು ಹಾಕಿದಳು. ನಾನು ತಿರುಗಿ ನೋಡಿದರೆ ಅವನು ಗೋಡೆಗೆ ಒರಗಿ ಕುಳಿತು ಅಳುತ್ತಿದ್ದ. ಆ ಮಾತಿಗೆ ನೊಂದುಕೊಂಡ ಎಂದು ಹತ್ತಿರ ಹೋದೆ.

“ಅವರ ಊರಾಗ ಅವರನ್ನ ಹೊಡದಾರ ನೋಡ ನಮ್ಮವ್ರು,” ಎಂದ. ಖುಷಿಗೆ ಅಳುತ್ತಿದ್ದ ಆ ಹುಚ್ಚ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊರಗೆ ಕುಣಿಯುತ್ತಿದ್ದವರಿಗಿಂತ ಅವನಿಗೆ ಹೆಚ್ಚು ಸಂತೋಷವಾಗಿತ್ತು, ಹೊರಗೆ ಹೋಗಿ ಕುಣಿಯುವ ಹಕ್ಕು ಮಾತ್ರ ಇರಲಿಲ್ಲ. ಬಾಗಿಲ ಆಚೆ ಹಲಗಿ ಇನ್ನೂ ಬಡಿಯುತ್ತಿತ್ತು.

ಶ್ರಾವಣದ ಕಡೆಯ ಸೋಮವಾರ ನಮ್ಮೂರಿನಲ್ಲಿ ಕುಸ್ತಿ. ಹಿರೇಕೆರೂರಿನ ದ್ಯಾಮಪ್ಪನ ಜೋಡಿಗೆ ನನ್ನ ಗಂಡ ತಾನೇ ಹೆಸರು ಕೊಟ್ಟು ಬಂದ. ದ್ಯಾಮಪ್ಪ ಎಂದರೆ ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಹಾಲು ನಿಂತು ತಿಂಗಳುಗಳಾಗಿದ್ದರೂ, ನನ್ನ ಗಂಡ ಅವನನ್ನು ಒಂದು ಕೈಯಲ್ಲಿ ಎತ್ತಿ ಇಡಬಲ್ಲವನಾಗಿದ್ದ. ಊರು ಮೈಯೆಲ್ಲ ಕಣ್ಣಾಗಿ ನೋಡಲು ಹೋಯಿತು. ಗೆದ್ದರೂ ಬಾಯಿ ಮುಚ್ಚುವವರಲ್ಲ ಎಂದು ನನಗೆ ಗೊತ್ತಿತ್ತು. ಗೆಲ್ಲುವ ತಾಕತ್ತಿದ್ದವನು ಅಲ್ಲೇಕೆ ಸೋತ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ನಾನು ಒಲೆಯ ಮುಂದೆ ಕುಳಿತು ಕಿವಿಗೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಹಲಗಿ ಎದ್ದಿತು, ಗೆದ್ದ ಹಲಗಿ. ನನಗೆ ತಡೆಯಲಾಗದೆ ಬಾಗಿಲಿಗೆ ಓಡಿದೆ. ಅವನು ಓಣಿಯಲ್ಲಿ ನಡೆದು ಬರುತ್ತಿದ್ದ. ಓಣಿಯ ತಿರುವಿನಲ್ಲಿ ಅವನ ಬೆನ್ನು ಕಂಡಿತು, ಹೆಗಲಿನಿಂದ ಸೊಂಟದ ತನಕ ಕೆಮ್ಮಣ್ಣು. ಹಿಂದೆ ಜನ ನಗುತ್ತ, ಹಲಗಿ ಬಡಿಯುತ್ತ ಬರುತ್ತಿದ್ದರು. ನಮ್ಮವನು ಸೋತದ್ದಕ್ಕೆ ನಮ್ಮೂರ ಹಲಗಿ ಬಡಿದದ್ದು ಅದೇ ಮೊದಲು.

ಕುಬೇರಪ್ಪ ಅವನ ಹೆಗಲ ಮೇಲೆ ಕೈಹಾಕಿದ್ದರು, ಅಂಗೈಗೆ ಮಣ್ಣು ಹತ್ತಿದರೂ ಲೆಕ್ಕಿಸದೆ. “ಇದಕ್ಕ ಸೋಲು ಅಂತಾರ ನೋಡ ತಮ್ಮಾ,” ಎಂದರು. “ಬಲ ಇಳದೈತಿ ನಿಂದು. ಬೊಂಬಾಯ್ಯಾಗೂ ಹಿಂಗ ಆಗಿರಬೇಕು, ನಾಚಿಕಿ ಬಿಟ್ಟು ಅವತ್ತ ಹೇಳಿದ್ರ ನಾವೇನ ನಿನ್ನ ತಿಂತಿದ್ವೇನು? ಆ ವಸ್ತಾದಗೂ ಸುಮ್ಮನ ಅಂದ್ವಿ. ಹೋಗ್ಲಿ ಬಿಡು.” ಅವರ ದನಿಯಲ್ಲಿ ನಿಜವಾದ ಮಮತೆ ಇತ್ತು.

ಮರುದಿನ ಬೆಳಗಾಗುವುದರಲ್ಲಿ ಬಾಗಿಲ ಮುಂದೆ ಹಾಲಿನ ಚರಿಗೆಗಳು ಬಂದಿದ್ದವು. ಮಂಜವ್ವ ತಾನೇ ತುಪ್ಪ ತಂದು, ನನ್ನ ಗಲ್ಲ ಮುಟ್ಟಿ ಲಟಿಕೆ ಮುರಿದು ಹೋದಳು. ಗರಡಿಯ ಕೀಲಿಯೂ ವಸ್ತಾದರ ಕೈಗೆ ತಿರುಗಿ ಬಂದಿತ್ತು. ಆ ಕೀಲಿಯನ್ನು ಹಿಡಿದುಕೊಂಡೇ ಅವರು ನಮ್ಮ ಮನೆಗೆ ಬಂದರು. ಕೂಡ್ರಿ ಎಂದು ನಾನು ಕಂಬಳಿ ಹಾಸಿದೆ, ಕೂಡಲಿಲ್ಲ.

“ಒಂದ ಮಾತ ಕೇಳ್ತೇನಿ, ಬೇಟಾ. ಆ ಪೋರ ನಿನ್ನ ಎತ್ತಿ ಒಗದನೋ, ನೀನ ಒಗಿಸಿಕೊಂಡಿಯೋ?”

ಅವನ ಬಾಯಿಗೆ ಸುಳ್ಳು ಬರುತ್ತಿದ್ದರೆ ನಮ್ಮ ಬಾಳು ಹೀಗಾಗುತ್ತಿರಲಿಲ್ಲ. ಅವನು ನೆಲ ನೋಡಿದ. “ಒಗಿಸಿಕೊಂಡೆರಿ, ವಸ್ತಾದ್ರ. ನಿಮ್ಮ ಮ್ಯಾಲಿನ ಮಾತು ಹೋಗ್ಲಿ ಅಂತ.”

ವಸ್ತಾದರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಊರು ಸುಳ್ಳ ಹೇಳಿತ್ತು,” ಎಂದರು. “ಸುಳ್ಳು ಅಂತ ನನಗ ಗೊತ್ತಿತ್ತು, ನಿನಗ ಗೊತ್ತಿತ್ತು. ಅದಕ್ಕ ನಾ ಆ ಕಟ್ಟಿ ಮ್ಯಾಲ ತಲಿ ಎತ್ತಿ ಕುಂತಿದ್ದೆ. ಸಾಬನ ಚೇಲಾ ಕುಸ್ತಿ ಮಾರ್ದಾ ಅಂದ್ರು. ಅವತ್ತ ಮಾರಿರಲಿಲ್ಲ ನೀ, ನಿನ್ನೆ ಮಾರಿದಿ. ಇನ್ನ ಮ್ಯಾಲ ಯಾರರ ಅಂದ್ರ ನಾ ಏನಂತ ಹೇಳ್ಲಿ?”

ಕೀಲಿಯನ್ನು ಕಂಬಳಿಯ ಮೇಲೆ ಇಟ್ಟು ಹೊರಟರು. ನನ್ನ ಗಂಡ ಹಿಂದೆ ಓಡಿ ಓಣಿಯ ಕೊನೆಯ ತನಕ ಹೋದ. ಅವರು ತಿರುಗಿ ನೋಡಲಿಲ್ಲ. ಅಂದಿನ ಬಸ್ಸಿಗೇ ಸವಣೂರಿಗೆ ಹೋದರು. ಎರಡು ವರ್ಷದ ಮೇಲೆ ಅಲ್ಲಿಯೇ ಮಣ್ಣಾದರಂತೆ. ಸುದ್ದಿ ನಮಗೆ ಬಂದದ್ದು ದಫನಾದ ಮೇಲೆ.

ಆ ಮುಂಜಾನೆ ಅವನು ತಿರುಗಿ ಬಂದು ಒಲೆಯ ಹತ್ತಿರ ಕುಳಿತ. ಚರಿಗೆಗಳು ಸಾಲಾಗಿ ಇದ್ದವು. ಎಲ್ಲವನ್ನೂ ಹಿತ್ತಲ ಬಚ್ಚಲಿಗೆ ಸುರಿದು ಬರುತ್ತೇನೆ ಎಂದು ನಾನು ಎದ್ದೆ. ಅವನು ನನ್ನ ಕೈ ಹಿಡಿದ.

“ಚೆಲ್ಲಬ್ಯಾಡ,” ಎಂದ. “ನಿನ್ನೆ ಮಾರಿದ್ದಕ್ಕ ಊರು ಕೊಟ್ಟ ಬೆಲಿ ಅಲ್ಲೇನು ಇದು? ಕಾಸಿ ಕೊಡು.”

ನಾನು ಕಾಸಿ ಕೊಟ್ಟೆ. ಅವನು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡ. ಆಮೇಲೆಯೂ ಊರು ಬಹಳ ದಿನ ಹಾಲು ಕಳಿಸಿತು, ಅವನು ದಿನಾ ಕುಡಿದ. ಆದರೆ ಗರಡಿಯ ಬೀಗ ಮಾತ್ರ ಅವನು ಒಮ್ಮೆಯೂ ತೆಗೆಯಲಿಲ್ಲ.